ನಾಲ್ಕನೇ ತುಂಡು

ಉಮ್ ಅಲ್ ಕುವೈನಿನ ಹಿನ್ನೀರಿಗೆ
ಇಳಿತದ ಹೊತ್ತು ನೋಡಿ ಇಳಿಯುತ್ತೇನೆ,
ಮೊಣಕಾಲವರೆಗೆ ಕೆಸರು, ಕೈಯಲ್ಲಿ ಬಕೆಟ್ಟು.
ಇಲ್ಲಿಯವರಿಗೆ ಇದು ಖುರ್ಮ್.
ಗಂಗೊಳ್ಳಿಯಲ್ಲಿ ನಮಗೆ ಕಾಂಡ್ಲ,
ಒಲೆಗೆ ಕಡಿಯುತ್ತಿದ್ದೆವು. ಈಗ
ನೆಡುವುದಕ್ಕೆ ಸಂಬಳ.

ಎಲೆ ನೆಕ್ಕಿದರೆ ಉಪ್ಪು.
ಕುಡಿದ ಕಡಲನ್ನು ಬೆವರಿ ಹೊರಹಾಕುವ ಗಿಡ;
ಜುಲೈಯಲ್ಲಿ ನನ್ನ ಅಂಗಿಯ ಬೆನ್ನೂ ಹಾಗೇ,
ಬಿಳಿ ಬಿಳಿ ನಕಾಶೆ.

ಮೌಝಾ ಮೇಡಂ ಹಗ್ಗ ಕಟ್ಟಿಸಿ ಆರು ತುಂಡು ಮಾಡಿದರು.
"ನಾಲ್ಕನೆಯದರಲ್ಲಿ ಒಂದೂ ಏಡಿ ಇರಬಾರದು, ಶೀನ."
ನನಗೆ ಖುಷಿ. ಏಡಿ ಎಂದರೆ ಕಳ್ಳ,
ನೆಟ್ಟ ರಾತ್ರಿಯೇ ಎಳೆ ಎಲೆ ಕತ್ತರಿಸಿ
ಬಿಲಕ್ಕೆ ಎಳೆದೊಯ್ಯುವ ಜಾತಿ.
ಡಬ್ಬಿ ಹೂತೆ, ಬಲೆ ಸುತ್ತಿದೆ, ಹಿಡಿದೆ, ಹಿಡಿದೆ,
ದಿನಕ್ಕೆರಡು ಬಕೆಟ್ಟು, ಮುಗಿಯುವವರೆಗೆ.

ಅದೇ ಚಳಿಗಾಲ ಕ್ಯಾಂಪಿಗೆ ತಪಾಸಣೆ ಬಂತು.
ಹದಿನಾಲ್ಕು ಮಂಚ, ಹದಿನಾಲ್ಕು ಕಾರ್ಡು.
ಹದಿನೈದನೆಯವನು ಹಮ್ಮಬ್ಬ,
ಗ್ಯಾಸಿನ ಪಕ್ಕ ಚಾಪೆ ಹಾಸಿ ಮಲಗುವವನು.
ತಲೆಗೆ ನೂರೈವತ್ತು ದಿರ್ಹಮ್ ಹಾಕುತ್ತಿದ್ದೆವು,
ಅದರಲ್ಲೇ ಅಕ್ಕಿ, ಮೀನು, ಅವನ ಬೀಡಿ.
ಯಾವ ಪಟ್ಟಿಯಲ್ಲೂ ಹೆಸರಿಲ್ಲ.
"ಹೆಚ್ಚುವರಿ" ಎಂದರು.
ಸಂಜೆಗೆ ಚಾಪೆ ಸುತ್ತಿಟ್ಟು ಹೋದ.

ಎರಡು ವರ್ಷ ತಿರುಗಿತು.
ನಾಲ್ಕನೇ ತುಂಡಿನಲ್ಲಿ ಒಂದೆಲೆಯೂ ಹರಿದಿಲ್ಲ,
ಗಿಡ ಮಾತ್ರ ಮೊಣಕಾಲು ದಾಟಲೊಲ್ಲದು.
ಕೆಸರು ಬಿಗಿದು ಕಪ್ಪಾಗಿ
ಕಾಲಿಟ್ಟರೆ ಕೊಳೆತ ಮೊಟ್ಟೆಯ ನಾತ.
ಪಕ್ಕದವು, ಎಲೆಯೆಲ್ಲ ಗರಗಸವಾದವು,
ನನ್ನ ಸೊಂಟಕ್ಕೆ ಬಂದಿವೆ.

ಮೇಡಂ ಬಗ್ಗಿ ಒಂದು ತೂತಿಗೆ ಬೆರಳು ತೂರಿಸಿದರು.
ಏಡಿ ಕೊರೆದ ಒಂದೊಂದು ಬಿಲವೂ ಒಂದು ಮೂಗಂತೆ;
ಭರತ ಒಳಹೊಕ್ಕು ಇಳಿತ ಹೊರಬಂದು
ತಳದ ವಿಷ ತೊಳೆದು, ಬೇರಿಗೆ ಗಾಳಿ.
"ಎಲೆ ಕದ್ದದ್ದಲ್ಲ, ಬಾಡಿಗೆ" ಎಂದು
ಪುಸ್ತಕದಲ್ಲಿ ಏನೋ ಬರೆದುಕೊಂಡರು.

ನಮ್ಮ ಕೋಣೆಯ ನಾತವನ್ನು ಯಾರೂ ಬರೆದುಕೊಳ್ಳಲಿಲ್ಲ.
ಹಮ್ಮಬ್ಬ ಹೋದ ವಾರಕ್ಕೆ
ಹದಿನಾಲ್ಕು ಪಾತ್ರೆ, ಹದಿನಾಲ್ಕು ಬೀಗ.
ಗ್ಯಾಸಿನ ಸರದಿಗೆ ಸಿಲ್ವೆಸ್ಟರನೂ ಇದಿನಬ್ಬನೂ
ಹೊಡೆದಾಡಿಕೊಂಡು ಮಾತು ಬಿಟ್ಟರು.
ಬಿಹಾರದ ಲಲ್ಲನ್ ಎರಡು ದಿನ ಜ್ವರದಲ್ಲಿ ಬಿದ್ದದ್ದು
ಮೂರನೇ ದಿನ ತಿಳಿಯಿತು.
ಮರಳಿ ಬಂದ ಗಂಜಿಯ ತಟ್ಟೆ ನೋಡಿ
ಯಾರ ಊರಿಂದ ಕೆಟ್ಟ ಸುದ್ದಿ ಬಂದಿದೆ ಎಂದು
ಅಳೆಯುವವನೊಬ್ಬನಿದ್ದ.

ಇವತ್ತು ಬಲೆ ಬಿಚ್ಚಿದೆ.
ಮೂರನೆಯದರಿಂದ ಬಕೆಟ್ಟು ತುಂಬಿ ತಂದು
ನಾಲ್ಕರಲ್ಲಿ ಸುರಿದೆ. ಒಂದು ಹೆಬ್ಬೆರಳು ಕಚ್ಚಿತು.
ಊರಿನ ಬೈಗುಳವನ್ನೇ ಬೈದೆ.
ಅದು ಅಡ್ಡಡ್ಡ ಓಡಿ, ನಿಂತು,
ಕೆಸರಿನ ಮೊದಲ ಉಂಡೆ ಹೊರಗೆ ತೆಗೆದಿಟ್ಟಿತು.

ರಕ್ತದ ಬೆರಳಲ್ಲೇ ಫೋನು ಒತ್ತಿದೆ.
ಉಳ್ಳಾಲದ ಮಸೀದಿ ರಸ್ತೆಯ ಗದ್ದಲ, ಆಮೇಲೆ ಹಮ್ಮಬ್ಬ:
"ಅಲ್ಲಿ ಈಗ ಬೇಯಿಸುವುದು ಯಾರು ಮಾರಾಯಾ?"
ನಾನು ತೂತು ಎಣಿಸುತ್ತಿದ್ದೆ. ಏಳು. ಎಂಟು.
"ಯಾರೂ ಇಲ್ಲ" ಅಂದೆ.