ಎಷ್ಟು ಟನ್

ಫಲಕದ ಮೇಲಿದ್ದ ಅಂಕಿ ತುಕ್ಕಿನ ಪಾಲಾಗಿದೆ.
‘ಟನ್’ ಮಾತ್ರ ಉಳಿದಿದೆ. ಎಷ್ಟು ಎಂಬುದು
ಚಿಲೋಯೆ ದ್ವೀಪದ ಈ ಮೂಲೆಯಲ್ಲಿ
ಅವರವರ ಧೈರ್ಯಕ್ಕೆ ಬಿಟ್ಟಿದ್ದು.
ಗ್ಯಾಸಿನವನು ಐದು ಅನ್ನುತ್ತಾನೆ, ಹಂದಿ ವ್ಯಾಪಾರಿ ಎಂಟು.
ವರ್ಷಕ್ಕೊಮ್ಮೆ ಬರುವ ಪಾದ್ರಿ
ಅಂಕಿಯ ಗೊಡವೆಗೆ ಹೋಗದೆ
ಕಣ್ಣು ಮುಚ್ಚಿ ದಾಟುತ್ತಾರಂತೆ.

ನಾನು ಬಂದದ್ದು ಸುತ್ತಿಗೆ ಹಿಡಿದು.
ಜೊತೆಗೆ ಪುರಸಭೆಯ ನಾಲ್ಕು ಪುಟದ ನಮೂನೆ, ಒಂದು ಪೆನ್ಸಿಲು
(ಮಳೆಯಲ್ಲಿ ಪೆನ್ನು ಬರೆಯುವುದಿಲ್ಲ,
ಇಲ್ಲಿ ಮಳೆ ಬಿಡುವುದಿಲ್ಲ).
ಜೀಪು ಈಚೆ ದಡದಲ್ಲೇ ನಿಲ್ಲಿಸಿ
ಸೊಂಟದವರೆಗೆ ನೀರಿಗಿಳಿದು
ತೊಲೆಗಳನ್ನು ಒಂದೊಂದಾಗಿ ತಟ್ಟಿದೆ,
ಕಲ್ಲಂಗಡಿ ಕೊಳ್ಳುವವನ ಹಾಗೆ ಕಿವಿಯಾನಿಸಿ.

ಗಟ್ಟಿ ಮರ ಟಣ್ ಅನ್ನುತ್ತದೆ.
ಕುಂಬಾದದ್ದು, ದೊಬ್.
ಮೂರನೆಯ ತೊಲೆ ಏನೂ ಅನ್ನಲಿಲ್ಲ.
ಸುತ್ತಿಗೆ ಒಳಗೆ ಹೋಗಿ ಅಲ್ಲೇ ಕೂತಿತು,
ಕೀಳಲು ಎರಡೂ ಕೈ ಬೇಕಾಯಿತು.

“ಅದನ್ನು ಕೆಣಕಬೇಡಪ್ಪ,
ಹೇಗೋ ನಿಂತುಕೊಂಡಿದೆ.”
ಮೇಲೆ, ಹಲಗೆಗಳ ಸಂದಿನಲ್ಲಿ, ಒಂದು ರಬ್ಬರ್ ಬೂಟು.
ಎದುವಿನಾ ನಾವೆಲ್ಕಿನ್. ತಲೆಗೆ ಗೊಬ್ಬರದ ಪ್ಲಾಸ್ಟಿಕ್ಕು,
ಬೆನ್ನಿಗೆ ಅರ್ಧ ಚೀಲ ಆಲೂಗಡ್ಡೆ.
“ಹತ್ತಿ ಬಾ. ಅಡಿಯಿಂದ ನೋಡಿದರೆ
ಯಾರು ತಾನೆ ಚೆನ್ನಾಗಿ ಕಾಣುತ್ತಾರೆ?”

ಹತ್ತಿದೆ. ಕಟಕಟೆ ಒಂದು ಕಡೆಗೆ ಮಾತ್ರ ಇತ್ತು,
ಅದೂ ಹಿಡಿಯುವುದಕ್ಕಲ್ಲ, ನೋಡಿ ಸಮಾಧಾನ ಪಡುವುದಕ್ಕೆ.

“ಇದು ಕೆಳಗಿನ ಮನೆಯವರ ಬಾಗಿಲು.
ಬೀಗದ ತೂತು ಇನ್ನೂ ಇದೆ,
ಬಗ್ಗಿದರೆ ಹೊಳೆ ಕಾಣುತ್ತದೆ.
ಇದು ಶಾಲೆಯ ಬೆಂಚು. ಹೆಸರು ಕೊರೆದವನು
ಈಗ ಬಸ್ಸಿನ ಡ್ರೈವರು, ತನ್ನ ಹೆಸರಿನ ಮೇಲೇ
ದಿನಕ್ಕೆರಡು ಸಲ ಚಕ್ರ ಹತ್ತಿಸುತ್ತಾನೆ.
ಇದು ನನ್ನ ಅಳಿಯ ತಂದ ಹೊಸ ಪೈನು. ನಂಬಬೇಡ.
ಕಾಲು ಹಲಗೆಯ ನಡುವೆ ಇಡಬೇಡ,
ಮೊಳೆಯ ತಲೆ ನೋಡಿ ಇಡು.
ಮೊಳೆ ಇದ್ದಲ್ಲಿ ಕೆಳಗೆ ತೊಲೆ ಇರುತ್ತದೆ.”

(ಇದನ್ನು ನಾನು ಎರಡು ವರ್ಷ
ಫೀಸು ಕಟ್ಟಿ ಕಲಿತದ್ದು.)

ನಡುಹೊಳೆಯ ಹತ್ತಿರ ಒಂದು ಹಲಗೆ,
ತುದಿ ಸ್ವಲ್ಪ ಬಾಗಿದ್ದು, ಬಿರುಕಿನಲ್ಲಿ ಹಳೆಯ ನೀಲಿ ಬಣ್ಣ.
ಅವಳು ಮಾತು ನಿಲ್ಲಿಸಿದಳು.
ಮೊಣಕಾಲು ಎತ್ತಿ, ಚೀಲ ಸರಿಮಾಡಿಕೊಂಡು,
ಅದನ್ನು ತುಳಿಯದೆ ದಾಟಿದಳು.
“ಇದು?”
“ದೋಣಿ.”
“ಯಾರದ್ದು?”
ಅಷ್ಟರಲ್ಲಿ ಮುಂದೆ ಹೋಗಿದ್ದಳು.

ಬಸ್ಸು ಬಂತು. ದಡದಲ್ಲಿ ನಿಂತಿತು.
ಯಾರೂ ಹೇಳದೆ ಎಲ್ಲರೂ ಇಳಿದರು,
ಮಕ್ಕಳು, ಮಕ್ಕಳ ಚೀಲ, ಬುಟ್ಟಿಯಲ್ಲಿ ಕೋಳಿ,
ತೊಡೆಯ ಮೇಲೆ ಹೊಸ ಟಿವಿ ಇಟ್ಟುಕೊಂಡಿದ್ದ ಗಂಡಸು.
ಸಾಲಾಗಿ ನಡೆದು ದಾಟಿ ತಿರುಗಿ ನಿಂತರು.
ಆಮೇಲೆ ಖಾಲಿ ಬಸ್ಸು ಒಂದೇ,
ಬಾಗಿಲು ತೆರೆದೇ ಇಟ್ಟು, ಡ್ರೈವರು ಅರ್ಧ ಎದ್ದು ಕೂತು.
ಗಡ, ಗಡ, ಗಡ,
ಒಂದೊಂದು ಹಲಗೆಯೂ ಎದ್ದು ನಮಸ್ಕರಿಸಿ ಕೂರುತ್ತಾ ಬಂತು.
ನಡುವೆ ಒಮ್ಮೆ, ಲೊಟಕ್.
ಆಗ ಎದುವಿನಾಳ ಕಡೆ ಯಾರೂ ನೋಡಲಿಲ್ಲ.
ಎಲ್ಲರೂ ಬೇರೆಲ್ಲೋ ನೋಡಿದ ರೀತಿಯಲ್ಲಿ
ಅದು ನನಗೆ ಗೊತ್ತಾಯಿತು.

ನಮೂನೆಯ ಕೊನೆಯ ಸಾಲು:
ಉತ್ತಮ, ಸಾಧಾರಣ, ಮುಚ್ಚತಕ್ಕದ್ದು.
ಮುಚ್ಚಿದರೆ ಸುತ್ತು ದಾರಿ ಮೂವತ್ತೊಂದು ಕಿಲೋಮೀಟರು.
ಹೊಸ ಸೇತುವೆ ಪಟ್ಟಿಯಲ್ಲಿದೆ.
ಪಟ್ಟಿ ಕಾಸ್ತ್ರೋದಲ್ಲಿದೆ.
ಸುಳ್ಳು ಬರೆಯಲಾರೆ, ಆ ತೊಲೆಯ ಮೌನ
ಇನ್ನೂ ಮಣಿಕಟ್ಟಿನಲ್ಲಿತ್ತು.
ಮೂರನೆಯ ಪದಕ್ಕೆ ಸುತ್ತು ಹಾಕಿದೆ.
ಒದ್ದೆ ಕಾಗದ ಪೆನ್ಸಿಲಿಗೆ ಹರಿಯಿತು.

ನನ್ನ ಜೀಪು ಆಚೆ ದಡದಲ್ಲಿತ್ತು.
ಕತ್ತಲಾಗುತ್ತಿತ್ತು. ಎಂಬತ್ಮೂರು ಕಿಲೋ ನಾನು,
ಎರಡು ಕಿಲೋ ಸುತ್ತಿಗೆ, ನೀರು ತುಂಬಿದ ಬೂಟು ಬೇರೆ.
ಮೊಳೆಗಳ ತಲೆ ಎಣಿಸುತ್ತ ಹೊರಟೆ.
ಬಾಗಿಲು, ಬೆಂಚು, ಅಳಿಯನ ಪೈನು.
ನೀಲಿ ಈಗ ಕಾಣುತ್ತಿರಲಿಲ್ಲ.
ಸುಮಾರು ಇಲ್ಲೇ ಇರಬೇಕೆಂದು
ಕಾಲೆತ್ತಿ, ದೂರಕ್ಕೆ ಇಟ್ಟೆ.