ಹತ್ತಿ ಸಿಕ್ಕಿದ ಜಾಗ

ಗಾಳಿ ತಿರುಗಿದರೆ ಮಂಡಕ್ಕಿ ಭಟ್ಟಿಯ ಹೊಗೆ
ನೇರ ನನ್ನ ಅಂಗಡಿಗೇ ಬರುತ್ತದೆ.
ಬ್ರೇಕ್ ವೈರು, ಕ್ಲಚ್ ವೈರು, ಬಾವಿ ರಾಟೆ, ಕ್ರೇನಿನ ಹಗ್ಗ,
ಎಳೆಯುವುದೆಲ್ಲ ನನ್ನ ಕಸುಬು.

ಅವತ್ತು ಪಿ.ಬಿ. ರಸ್ತೆ ದಾಟಿಕೊಂಡು
ಮುರಿಗೆಪ್ಪನವರ ಜೀಪಿನ ಹಿಂದೆ
ಪೆಟ್ಟಿಗೆಯಂಥದೊಂದು ತೆವಳುತ್ತ ಬಂತು.
ಹಿಡಿಕೆ ತಿರುಗಿಸಿದರೆ ಮಾಡು ಮೇಲೇಳುವ,
ಮಗ್ಗುಲಿಗೆ ಕ್ಯಾನ್ವಾಸಿನ ಗೋಡೆ ಬಿಚ್ಚಿಕೊಳ್ಳುವ
ಗಾಲಿಯ ಮನೆ.
ಗೋವಾದ ಹರಾಜಿನಲ್ಲಿ ಸಿಕ್ಕಿದ್ದಂತೆ,
ನನಗಿಂತ ಎರಡು ವರ್ಷಕ್ಕೆ ದೊಡ್ಡದು.

ಮೂವತ್ತು ವರ್ಷ ಟೈಪಿಂಗ್ ಕಲಿಸಿದ ಬೆರಳು
ಮಾಡಿನ ಮೇಲೆ ಟಕಟಕ ಕುಟ್ಟಿ ತೋರಿಸಿತು:
"ಇದು ಏಸಿ. ಇದು ಸೋಲಾರು. ಇದು ಸೈಕಲ್ ಕಟ್ಟೋ ಕಂಬಿ.
ಇದು ನೀರಿನ ಡ್ರಮ್ಮು, ಬಿಸಿಲಿಗೇ ಕಾಯುತ್ತೆ, ಗ್ಯಾಸು ಉಳಿಯುತ್ತೆ.
ಎತ್ತುವಾಗ ಸ್ವಲ್ಪ ಕಿರುಗುಡುತ್ತೆ,
ಗ್ರೀಸು ಹಚ್ಚಿ ಕೊಡಮ್ಮ, ಸಾಕು."

ಸರ್ವಮಂಗಳಮ್ಮ ಜೀಪಿನ ಗಾಜು ಇಳಿಸಿ ಅಂದರು:
"ಸ್ವಲ್ಪ ಅಲ್ಲ."

ಗ್ರೀಸು ಸದ್ದು ಮುಚ್ಚುತ್ತದೆ.
ನಾಲ್ಕು ಮೂಲೆಗೆ ನಾಲ್ಕು ಜಾಲಿ ದಿಮ್ಮಿ ಆನಿಸುವ ತನಕ
ಇಮ್ತಿಯಾಜನಿಗೆ ಒಂದೇ ಮಾತು:
ತಲೆ ಹೊರಗೆ, ಕೈ ಹೊರಗೆ,
ಹಿಡಿಕೆಯ ಎದುರಿಗೆ ಮುಖ ಬೇಡ.
"ಆಯ್ತಕ್ಕಾ" ಅಂದವನ ಒಂದು ಕಾಲು
ಆಗಲೇ ಅಡಿಗೆ ಹೋಗಿತ್ತು.
ಬೈದೆ. ಮುರಿಗೆಪ್ಪನವರು ತಮಗೇ ಬೈದೆನೆಂದು
ಎರಡು ಹೆಜ್ಜೆ ಹಿಂದೆ ಸರಿದರು. ಅದೂ ಒಳ್ಳೆಯದೇ.

ಬರಿಗೈಲಿ ವೈರು ಸವರಬಾರದು.
ನನ್ನ ಡಬ್ಬಿಯಲ್ಲಿ ಅವ್ವನ ದಿಂಬಿನ ಹತ್ತಿ ಇದೆ,
ಮಿಲ್ಲು ಮುಚ್ಚಿದ ವರ್ಷ ಸಂಬಳದ ಬದಲು
ಸೆರಗಲ್ಲಿ ಕಟ್ಟಿಕೊಂಡು ಬಂದದ್ದು.
ಅವಳು ಕಡಿದ ಎಳೆಗೆ ಗಂಟು ಹಾಕುತ್ತಿದ್ದಳು,
ಯಂತ್ರ ನಿಲ್ಲಿಸದೆ, ಪಕ್ಕದವಳ ಜೊತೆ ಮಾತು ನಿಲ್ಲಿಸದೆ.
ಉಕ್ಕಿಗೆ ಆ ಭಾಗ್ಯವಿಲ್ಲ.
ಏಳು ಜಡೆ, ಜಡೆಗೆ ಹತ್ತೊಂಬತ್ತು ಎಳೆ,
ಒಂದು ಕಡಿದರೆ ಅದರ ಪಾಲು ಉಳಿದವು ಹೊರುತ್ತವೆ,
ಬಾಯಿ ಬಿಡದೆ.

ಹತ್ತಿಯಿಟ್ಟು ಸವರುತ್ತ ಹೋದೆ,
ಮುಂದಿನ ಕಂಬ, ನುಣುಪು.
ಬಲ ಮೂಲೆ, ಬರೀ ಧೂಳು.
ಹಿಂದಿನ ರಾಟೆ ತಿರುಗುವ ಕತ್ತಲೆಯಲ್ಲಿ
ಹತ್ತಿ ಸಿಕ್ಕಿಕೊಂಡಿತು.
ಎಳೆದೆ. ಬರಲಿಲ್ಲ.
ಟಾರ್ಚು ಹಿಡಿದರೆ ಬಿಳಿ ಮೀಸೆ,
ಕೆಳಗೆ ತುಕ್ಕಿನ ಕೆಂಪು,
ಹದಿನಾಲ್ಕರ ತನಕ ಎಣಿಸಿ ಬಿಟ್ಟೆ.

ಮೇಲಿನದೆಲ್ಲ ಇಳಿಸಿ ಗುಜರಿಯವನ ತಕ್ಕಡಿಗಿಟ್ಟೆವು.
ಡ್ರಮ್ಮು ತುಂಬಿಯೇ ಇತ್ತು.
ನೂರ ನಲವತ್ತೊಂದು ಕಿಲೋ.
ಸೋರಬಾರದೆಂದು ಬಡಿದ ತಗಡು, ಬಳಿದ ಡಾಂಬರು ಬೇರೆ,
ಅದನ್ನು ತೂಗಲು ಬರುವುದಿಲ್ಲ.
"ನೋಡೋಕೆ ಅಷ್ಟಿಲ್ಲವಲ್ಲ" ಅಂದರು ಮುರಿಗೆಪ್ಪನವರು.
ಆಗಲೇ ಸೈಕಲ್ಲಿನ ಮೇಲೆ ಆಳೆತ್ತರದ ಮಂಡಕ್ಕಿ ಚೀಲ
ಓಲಾಡುತ್ತ ಹೋಯಿತು, ತುಳಿಯುವವ ಸಿಳ್ಳೆ ಹಾಕುತ್ತಿದ್ದ.
ನಾನೇನೂ ಹೇಳಲಿಲ್ಲ.

ಬಾಗಿಲ ಪಕ್ಕ ಬಣ್ಣದಡಿ ಉಬ್ಬಿದ್ದ ಒಂದು ತಗಡಿನ ಪಟ್ಟಿ
ಅವರೇ ಉಗುರಿನಲ್ಲಿ ಕೆರೆದು ಓದಿದರು,
ಒಂದೊಂದೇ ಅಕ್ಷರ, ಕಲಿಯಲು ಬಂದ ಹುಡುಗನ ಹಾಗೆ:
ಮಾಡಿನ ಮೇಲೆ ಏನೂ ಇಟ್ಟು ಎತ್ತಬಾರದು.
ಆಮೇಲೆ ಕನ್ನಡಕ ಒರೆಸಿದರು, ಬಹಳ ಹೊತ್ತು.

"ಇಷ್ಟು ದಿನ ಹೆಂಗೆ ಹಿಡಿದಿತ್ತು?"
ಸರ್ವಮಂಗಳಮ್ಮ ಈಗ ಕೆಳಗಿಳಿದಿದ್ದರು.
ಕಳೆದ ವಾರ ವಾಣಿವಿಲಾಸ ಸಾಗರದ ದಂಡೆಯಲ್ಲಿ
ಇದರಡಿಯೇ ಎರಡು ರಾತ್ರಿ ಮಲಗಿದ್ದರಂತೆ,
ಅವರು ಬಾಗಿಲ ಕಡೆ.
ಹಿಡಿದಿರಲಿಲ್ಲಮ್ಮ, ಅಂದೆ. ಹೇಳ್ತಾ ಇತ್ತು.

ಹೊಸ ವೈರಿಗೆ ಮೂರು ದಿನ.
ಬಿಲ್ಲಿನಲ್ಲಿ ಮುನ್ನೂರು ಬಿಡು ಅಂದರು, ನೂರು ಬಿಟ್ಟೆ.
ಏಸಿಯನ್ನು ಗುಜರಿಯವ ಆಗಲೇ ಕೇಳುತ್ತಿದ್ದ.
ಹಳೆಯ ವೈರನ್ನು ಬಟ್ಟೆ ಒಣಹಾಕೋಕೆ ಕೊಡು ಅಂದ ಇಮ್ತಿಯಾಜ.
ಕೊಡಲಿಲ್ಲ. ಮೊಳಕ್ಕೊಂದರಂತೆ ಕತ್ತರಿಸಿ ಹಾಕಿದೆ.

ಹೊರಡುವಾಗ ಸರ್ವಮಂಗಳಮ್ಮ ಅಂಗೈ ಚಾಚಿದರು.
ಚಿಲ್ಲರೆಯಿರಬೇಕೆಂದು ಗಲ್ಲಾಪೆಟ್ಟಿಗೆ ತೆರೆದೆ.
"ಅದಲ್ಲ," ಅಂದರು,
"ಒಂದು ಚೂರು ಹತ್ತಿ."