ಎಳೆಗೆ ಎದುರು

ಬೆಳಗಿನ ಐದೂ ಇಪ್ಪತ್ತಕ್ಕೆ ಮೊದಲು ಬರುವುದು ಕಡಲು.
ನೈಋತ್ಯದ ಗಾಳಿ, ಐದು, ಸಂಜೆಗೆ ಏಳು,
ಮಳೆ ಆಗೀಗ, ನೋಟ ಪರವಾಗಿಲ್ಲ.
ಯಾರ ತಂಟೆಗೂ ಹೋಗದ ಹೆಣ್ಣುದನಿಯೊಂದು
ನೀರಿನ ಹೋಳುಗಳ ಹೆಸರು ಹಿಡಿದು ಕರೆಯುತ್ತದೆ
ಶಾಲೆಯ ಹಾಜರಿಯಂತೆ.
ತನ್ನ ಪಾಲಿನ ಕಡಲು ಬಂದಾಗ ಥೋರಾ ಚಾರ್ಲ್‌ಟನ್
ಕೆಟಲ್ಲಿನ ಗುಂಡಿ ಒತ್ತುತ್ತ "ಇದ್ದೀನಿ" ಅನ್ನುತ್ತಾಳೆ.

ನಾರ್ಥಂಬರ್‌ಲ್ಯಾಂಡಿನ ಬಂದರು, ತಗಡಿನ ಕೊಟ್ಟಿಗೆ.
ಮರದ ಕುದುರೆಗಳ ಮೇಲೆ ಅರ್ಧ ಕಟ್ಟಿದ ಕೋಬಲ್ ದೋಣಿ
ಪಕ್ಕೆಲುಬು ತೋರಿಸಿಕೊಂಡು ನಿಂತಿದೆ.
ಮೊಳೆಗೆ ರೇಡಿಯೋ. ಏರಿಯಲ್ ಮುರಿದಲ್ಲಿ
ಕೋಟು ತೂಗುಹಾಕುವ ತಂತಿ. ಮೈಮೇಲೆ ಮೂರು ದೋಣಿಗಳ ಬಣ್ಣ.
ಹಾಡಿನ ಸ್ಟೇಷನ್ ಅಲ್ಲ ಇದು. ಮಾತು, ಮಾತು, ಬರೀ ಮಾತು.
"ಹಾಡಿಟ್ಟರೆ ಉಳಿ ತಾಳಕ್ಕೆ ಬೀಳುತ್ತೆ" ಎಂದು
ಡಗ್ಗಿಗೆ ಕೆಲಸಕ್ಕೆ ಬಂದ ಮೊದಲ ದಿನವೇ ಹೇಳಿಯಾಗಿದೆ.

ಆರಕ್ಕೆ ಮುಂಚೆ ಕುರಿಮರಿಯ ಧಾರಣೆ.
ಏಳರ ಮೇಲೆ ಮಂತ್ರಿ: ಕೇಳಿದ್ದು ಸೇತುವೆ, ಹೇಳಿದ್ದು ಶಾಲೆ.
ಒಂಬತ್ತಕ್ಕೆ ಮೂವರು ಪಂಡಿತರು
ಈರುಳ್ಳಿಯ ಚರಿತ್ರೆಯನ್ನು ಪದರ ಪದರ ಸುಲಿದು
ಕೈಯಲ್ಲಿ ಏನೂ ಉಳಿಯದೆ ಎದ್ದುಹೋದರು.
ಹನ್ನೊಂದರ ಹೊತ್ತಿಗೆ, ಗಣಿ ಮುಚ್ಚಿದ ಊರಿನ ಹೆಂಗಸೊಬ್ಬಳು
ತಮ್ಮನ ಬೂಟಿನ ಬಗ್ಗೆ ಮಾತಾಡಿದಳು,
ಇನ್ನೂ ಬಾಗಿಲ ಹಿಂದೆಯೇ ಇದೆಯಂತೆ, ಇಬ್ಬರ ಅಳತೆಯೂ ಒಂದೇ ಅಂತೆ.
ಮೂರೇ ನಿಮಿಷ.
ಥೋರಾ ಸುತ್ತಿಗೆ ಕೆಳಗಿಟ್ಟವಳು
ಮತ್ತೆ ಯಾವಾಗ ಎತ್ತಿಕೊಂಡಳೋ.

ಎರಡೂಕಾಲಕ್ಕೆ ನಾಟಕ. ಅದರ ಮೇಲೇ ಅವಳ ಸಿಟ್ಟು.
ಹೋದ ತಿಂಗಳು ಅದರಲ್ಲೊಬ್ಬ ದೋಣಿ ಕಟ್ಟುವವನು
ಓಕ್ ಹಲಗೆ ಕೀಸುತ್ತ ಕೀಸುತ್ತ ಪ್ರೇಮ ಹೇಳಿಕೊಂಡಿದ್ದ.
ಕರ್, ಕರ್, ಕರ್.
ಓಕ್ ಅಂತೆ! ಪೈನ್ ಅದು, ಅದೂ ಒದ್ದೆ,
ಅದೂ ಎಳೆಗೆ ಎದುರಾಗಿ.
ಅಂಥವನ ಕೈಯನ್ನು ಯಾವ ಹುಡುಗಿ ಹಿಡಿದಾಳು?
ಎರಡು ಹಾಳೆ ತುಂಬ ಬರೆದು ಅಂಚೆಗೆ ಹಾಕಿ ಮರೆತವಳಂತಿದ್ದಳು,
ಆದರೆ ಶುಕ್ರವಾರ ಬಂತೆಂದರೆ, ಕೇಳುಗರ ಪತ್ರದ ವೇಳೆಗೆ,
ಕೊಟ್ಟಿಗೆಯಲ್ಲಿ ಡಗ್ಗಿ ಕೆಮ್ಮುವಂತಿಲ್ಲ.

ಇವತ್ತು ಶುಕ್ರವಾರ.
ಮೂರಕ್ಕೆ ತೋಟದವರು. ಬೀನ್ಸ್ ಏಕೆ ಕಪ್ಪಾಗುತ್ತೆ?
ನೀರು ಹೆಚ್ಚು, ಎಂದನೊಬ್ಬ. ಕಮ್ಮಿ, ಎಂದಳು ಪಕ್ಕದವಳು.
ಸಭೆ ಇಬ್ಬರಿಗೂ ಚಪ್ಪಾಳೆ ತಟ್ಟಿತು.
ನಾಲ್ಕೂವರೆಗೆ ಸರಿಯಾಗಿ ಲಾರಿ.
ಆರು ವಾರ ಕಾಯಿಸಿದ ಲಾರ್ಚ್. ಡ್ರೈವರಿಗೆ ಅವಸರ,
ಒಂದಾದರೂ ಕೊಯ್ದು ನೋಡದೆ ಸಹಿ ಹೇಗೆ ಹಾಕುವುದು?
ಗರಗಸದ ಯಂತ್ರ ಗುಂಯ್ ಎಂದಿತು.
ಮರ ಒಳ್ಳೆಯದೇ. ಜೇನಿನ ಬಣ್ಣ, ಗಂಟಿಲ್ಲ.

ಯಂತ್ರ ನಿಂತರೆ ಬಾಗಿಲಲ್ಲಿ ಮೀನಂಗಡಿಯ ಮಿಸೆಸ್ ಟುಲ್ಲಿ,
ಮೊಣಕೈವರೆಗೂ ಹೆರಿಂಗಿನ ಹುರುಪೆ ಹೊಳೆಸುತ್ತ:
"ಓದಿದರು ಕಣೇ, ನಿನ್ನದು ಓದಿದರು!
ಹೆಸರು ಮಾತ್ರ ಟೋರಾ ಶಾರ್ಲ್‌ಟನ್ ಅಂದುಬಿಟ್ಟರು."
"ಎಷ್ಟು ಓದಿದರು?"
"ಒಂದು ವಾಕ್ಯ. ಒದ್ದೆ ಪೈನ್ ಅಂತ ಏನೋ."
"ಎಳೆಗೆ ಎದುರು, ಅಂದರಾ?"
"ಗಿರಾಕಿ ಬಂದರಪ್ಪ ಅಷ್ಟರಲ್ಲಿ.
ಹಾಂ, ನಾಟಕದವರು ಹೇಳಿದರು, ಅದು ಮರವೇ ಅಲ್ಲವಂತೆ.
ಚೀಸ್ ತುರಿಯುವ ಮಣೆಗೆ ರಟ್ಟಿನ ಡಬ್ಬಿ ಉಜ್ಜಿದ್ದಂತೆ."

ಥೋರಾ ಆಗ ನಗಲಿಲ್ಲ.
ಆರೂವರೆಯ ಹಾಸ್ಯದಲ್ಲಿ, ಸಭಿಕರು ಯಾರೂ ನಗದ ಒಂದು ಜಾಗದಲ್ಲಿ
ಬೆಂಚು ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.
ಡಗ್ಗಿ ರೇಡಿಯೋದ ದನಿ ಏರಿಸಿದ, ಏನು ತಪ್ಪಿಸಿಕೊಂಡೆನೋ ಎಂದು.

ಮಧ್ಯರಾತ್ರಿ ದಾಟಿದ ಮೇಲೆ ಮತ್ತದೇ ಕಡಲು.
ಡಗ್ಗಿ ಮನೆಗೆ ಹೋಗಿ ಎಷ್ಟೋ ಹೊತ್ತಾಯಿತು.
ನೀರನ್ನೇ ಕಾಣದ ದೋಣಿಯೊಳಗೆ ಕೂತು ಅವಳು
ಲಾರ್ಚಿನ ತುಂಡೊಂದನ್ನು ಮೊಣಕಾಲಿಗೆ ಆನಿಸಿ
ಕೀಸುತ್ತಾಳೆ ರೇಡಿಯೋದ ಕಡೆ ಮುಖ ಮಾಡಿ,
ಎಳೆಯ ಗುಂಟ, ನಿಧಾನ,
ಕೇಳಿಸಿಕೋ ಅನ್ನುವಂತೆ.
ಅದು ತನ್ನ ಪಾಡಿಗೆ ಗಾಳಿ ಓದುತ್ತದೆ.
ಆಮೇಲೆ, ಕಡಲಲ್ಲಿರುವವರಿಗೂ ನೆಲದಲ್ಲಿರುವವರಿಗೂ ಶುಭರಾತ್ರಿ.
ಎರಡರಲ್ಲಿ ತನಗೆ ಯಾವುದು ಹೇಳಿದ್ದೋ,
ಗುಂಡಿ ತಿರುಗಿಸಿದಾಗ ಜಾಲರಿಯೊಳಗಿಂದ
ಉದುರಿತು ಒಂದು ಚಿಟಿಕೆ ಮರದ ಹೊಟ್ಟು.